ಓದುಗರ ಪ್ರಶ್ನೆ, ನಮ್ಮ ಉತ್ತರ: ಪೋಕರ್‌ನಲ್ಲಿ ಹುಚ್ಚಾಪಟ್ಟೆ ರೈಸ್ ಮಾಡುವವನ ಎದುರು ಕೂತಾಗ

ಪ್ರಶ್ನೆ: ನಾವು ಸಣ್ಣ ಮಟ್ಟದಲ್ಲಿ ಟೆಕ್ಸಾಸ್ ಹೋಲ್ಡೆಮ್ ಪೋಕರ್ (ಒಬ್ಬೊಬ್ಬರ ಕೈಗೆ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿ ಐದು ಎಲೆ) ಆಡುತ್ತೇವೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಪಣ) 1 ಮತ್ತು 2 ಚಿಪ್, ಒಬ್ಬೊಬ್ಬರ ಮುಂದೆ 200 ಚಿಪ್. ನಮ್ಮಲ್ಲಿ ಒಬ್ಬನಿದ್ದಾನೆ, ಎಲೆ ನೋಡುತ್ತಾನೋ ಇಲ್ಲವೋ ಗೊತ್ತಿಲ್ಲ, ರೈಸ್ ಮಾಡುತ್ತಲೇ (ಪಣ ಏರಿಸುತ್ತಲೇ) ಇರುತ್ತಾನೆ. ಮೊನ್ನೆ ನನ್ನ ಕೈಯಲ್ಲಿ ಎಕ್ಕ ಮತ್ತು ಗುಲಾಮ. ಅವನು 10 ಮಾಡಿದ, ನಾನು ಕಾಲ್ ಮಾಡಿದೆ (ಅಷ್ಟೇ ಹಾಕಿದೆ), ಉಳಿದವರೆಲ್ಲ ಎಸೆದರು. ಫ್ಲಾಪ್ (ನೆಲದ ಮೊದಲ ಮೂರು ಎಲೆ) ಗುಲಾಮ, 8, 3. ಅವನು 20 ಇಟ್ಟ, ಕಾಲ್. ಟರ್ನ್ (ನಾಲ್ಕನೇ ಎಲೆ) 6. ಅವನು 45, ಮತ್ತೆ ಕಾಲ್. ರಿವರ್‌ನಲ್ಲಿ (ಕೊನೆಯ ಎಲೆ) ರಾಜ ಬಿತ್ತು. ಅವನು ಉಳಿದ 125 ಚಿಪ್ಪನ್ನೂ ತಳ್ಳಿಬಿಟ್ಟ. ಫ್ಲಷ್ (ಒಂದೇ ಚಿಹ್ನೆಯ ಐದು ಎಲೆ) ಆಗುವ ದಾರಿ ಇರಲಿಲ್ಲ, ಆದರೂ ರಾಜ ನೋಡಿ ನನಗೆ ಹೆದರಿಕೆಯಾಗಿ ಎಸೆದೆ. ಅವನು 9-4 ತೋರಿಸಿ ನಕ್ಕ. ನಾನು ಎಸೆದದ್ದು ತಪ್ಪಾ?

ಉತ್ತರ: ತಪ್ಪು. ಆದರೆ ಅವನು 9-4 ತೋರಿಸಿದ ಅಂತ ತಪ್ಪಲ್ಲ. ಅವನ ಕೈಯಲ್ಲಿ ರಾಜನೇ ಇದ್ದಿದ್ದರೂ ನೀವು ಕಾಲ್ ಮಾಡಬೇಕಿತ್ತು.

ಲೆಕ್ಕ ನೋಡಿ. ಅವನು ಆಲ್-ಇನ್ ಮಾಡುವ (ಇದ್ದದ್ದೆಲ್ಲ ತಳ್ಳುವ) ಹೊತ್ತಿಗೆ ಪಾಟ್‌ನಲ್ಲಿ, ಅಂದರೆ ಎಲ್ಲರ ಪಣದ ರಾಶಿಯಲ್ಲಿ, ಬ್ಲೈಂಡ್‌ನ 3 ಸೇರಿ 153 ಇತ್ತು. ಅವನ 125 ಸೇರಿ 278. ಅಷ್ಟಕ್ಕಾಗಿ ನೀವು ಹಾಕಬೇಕಾದದ್ದು 125. ಅಂದರೆ ನೂರು ಸಲದಲ್ಲಿ 31 ಸಲ ನೀವು ಗೆದ್ದರೆ ಅಸಲು ಬಂತು, ಅದಕ್ಕಿಂತ ಒಂದು ಸಲ ಜಾಸ್ತಿ ಗೆದ್ದರೂ ಲಾಭ.

ಈಗ ಅವನ ಕೈಗೆ ಬರೋಣ. ನಿಮ್ಮ 2 ಎಲೆ, ನೆಲದ ಮೇಲಿನ 5 ಎಲೆ ಬಿಟ್ಟರೆ ಉಳಿದದ್ದು 45. ಅದರಲ್ಲಿ ಎರಡೆರಡು ಎಲೆ ಹಿಡಿಯುವ ಬಗೆ ಒಟ್ಟು 990. ನಾನು ಕೂತು ಎಣಿಸಿದೆ (ಹೌದು, ಇಂಥ ಕೆಲಸಕ್ಕೆ ನನಗೆ ಪುರುಸೊತ್ತು ಸಿಗುತ್ತದೆ). ರಾಜ ಇರುವವು 129. ಎರಡು ಜೋಡಿ ಆಗುವವು, ಮೂರು ಒಂದೇ ಎಲೆ ಆಗುವವು, ಕೈಯಲ್ಲೇ ಎರಡು ಎಕ್ಕ ಅಥವಾ ಎರಡು ರಾಣಿ ಇರುವವು ಎಲ್ಲ ಸೇರಿ ಇನ್ನು 64. ನಿಮ್ಮನ್ನು ಸೋಲಿಸುವವು ಒಟ್ಟು 193, ಅಷ್ಟೇ. ನಿಮ್ಮಂತೆಯೇ ಎಕ್ಕ-ಗುಲಾಮ ಹಿಡಿದು ಪಾಟ್ ಹಂಚಿಕೊಳ್ಳುವವು 6. ಉಳಿದ 791 ನಿಮಗೆ ಸೋಲುತ್ತವೆ. ಅವನು ಯಾವ ಎರಡು ಎಲೆ ಬಂದರೂ ಆಡುವವನು ಅಂತ ನೀವೇ ಬರೆದಿದ್ದೀರಿ ಅಲ್ವಾ? ಗೆಲ್ಲುವ 193 ಎಲ್ಲದರಲ್ಲೂ ಆಲ್-ಇನ್ ಮಾಡಿ, ಸೋಲುವ 791ರಲ್ಲಿ ಬರೀ 90ರಲ್ಲಿ ಸುಳ್ಳು ಹೊಡೆದರೂ ಸಾಕು, ನಿಮ್ಮ ಕಾಲ್‌ಗೆ ನಷ್ಟವಿಲ್ಲ. ಆ ಮನುಷ್ಯ ಒಂಬತ್ತಕ್ಕೆ ಒಂದು ಸಲ ಮಾತ್ರ ಸುಳ್ಳು ಹೊಡೆಯುವವನಾ? 9-4 ಇಟ್ಟುಕೊಂಡು ಮೂರು ಸಲ ಬೆಟ್ ಮಾಡಿದವನು!

ಇಂಥವರ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು, "ಅವನು ಏನು ಮಾಡುತ್ತಾನೋ ಹೇಳೋಕಾಗಲ್ಲ." ನನಗೆ ಇದು ತಲೆಕೆಳಗು ಅನ್ನಿಸುತ್ತದೆ. ಅವನ ಕೈಯಲ್ಲಿ ಏನಿದೆ ಅಂತ ಹೇಳಲಾಗುವುದಿಲ್ಲ, ನಿಜ. ಏನು ಮಾಡುತ್ತಾನೆ ಅಂತ ಕಣ್ಣು ಮುಚ್ಚಿ ಹೇಳಬಹುದು: ಬೆಟ್ ಮಾಡುತ್ತಾನೆ. ಹಾಗಾದರೆ ಅವನಿಗೆ ಬೆಟ್ ಮಾಡಲು ಬಿಡಿ, ನೀವು ಚೆಕ್ ಮಾಡಿ (ಪಣ ಹಾಕದೆ ಸರದಿ ದಾಟಿಸಿ), ಕಾಲ್ ಮಾಡಿ, ಅವನ ಚಿಪ್ಪನ್ನು ಅವನ ಕೈಯಿಂದಲೇ ಪಾಟ್‌ಗೆ ಹಾಕಿಸಿ. ಫ್ಲಾಪ್‌ನಲ್ಲೇ ರೈಸ್ ಮಾಡಿದ್ದರೆ ಅವನು 9-4 ಎಸೆದು ಎದ್ದು ಹೋಗುತ್ತಿದ್ದ, ನಿಮಗೆ ಸಿಗುತ್ತಿದ್ದದ್ದು ಸಣ್ಣ ಪಾಟ್. ಫ್ಲಾಪ್‌ನಲ್ಲಿ, ಟರ್ನ್‌ನಲ್ಲಿ ನೀವು ಆಡಿದ್ದು ಸರಿಯಾಗಿಯೇ ಇದೆ. ಇನ್ನೊಂದು ಜಾತಿಯವರಿದ್ದಾರೆ, ಬೆಟ್ ಮಾಡುವುದಷ್ಟೇ ಅಲ್ಲ, ರೈಸ್ ಮಾಡಿದರೂ ಎಲೆ ಬಿಡುವುದಿಲ್ಲ. ಅಂಥವನ ಎದುರು ಕಾಯುವುದೇಕೆ, ಒಳ್ಳೆ ಎಲೆ ಬಂದರೆ ಮೊದಲೇ ರೈಸ್ ಮಾಡಿ.

ಒಂದು ಎಚ್ಚರಿಕೆ. ಈ ಲೆಕ್ಕ ಅವನೊಬ್ಬನಿಗೆ ಮಾತ್ರ. ಗಂಟೆಗಟ್ಟಲೆ ಸುಮ್ಮನೆ ಕೂತಿದ್ದವನು ರಿವರ್‌ನಲ್ಲಿ ದಿಢೀರ್ ಅಂತ ಆಲ್-ಇನ್ ಮಾಡಿದರೆ, ಸಣ್ಣ ಆಟಗಳಲ್ಲಿ ಅದು ಸುಳ್ಳಾಗಿರುವುದು ಬಹಳ ಕಡಿಮೆ. ಅದೇ ಎಕ್ಕ-ಗುಲಾಮ ಹಿಡಿದಿದ್ದರೂ ನಾನು ಎಸೆಯುತ್ತೇನೆ.

ಪ್ರಶ್ನೆ: ಒಬ್ಬ ನಿಜವಾಗಿ ಹಾಗೆಯೇ ಆಡುವವನೋ, ಇಲ್ಲಾ ಅವತ್ತು ಅವನಿಗೆ ಒಳ್ಳೆ ಎಲೆ ಬರುತ್ತಿದೆಯೋ ಅಂತ ಗುರುತಿಸುವುದು ಹೇಗೆ?

ಉತ್ತರ: ಕೊನೆಗೆ ಎಲೆ ತೋರಿಸುವಾಗ ನೋಡಿ. ಬೇರೆ ದಾರಿ ಇಲ್ಲ. ನೀವು ಆ ಕೈಯಲ್ಲಿ ಇಲ್ಲದಿದ್ದರೂ ನೋಡಿ, ಮೊಬೈಲ್ ಕೆಳಗಿಡಿ. ನಾನೊಮ್ಮೆ ಒಬ್ಬ ಸಾಲಾಗಿ ನಾಲ್ಕು ಸಲ ರೈಸ್ ಮಾಡಿದ್ದಕ್ಕೇ ಅವನಿಗೆ ಹುಚ್ಚ ಅಂತ ಹಣೆಪಟ್ಟಿ ಕಟ್ಟಿ, ಐದನೇ ಸಲ ಎರಡನೇ ಜೋಡಿ (ನೆಲದ ಎರಡನೇ ದೊಡ್ಡ ಎಲೆಗೆ ಕೂಡಿದ ಜೋಡಿ) ಹಿಡಿದು ಪೂರ್ತಿ ಚಿಪ್ ಕಾಲ್ ಮಾಡಿದೆ. ಅವನ ಕೈಯಲ್ಲಿ ಎರಡು ರಾಜ. ಆ ನಾಲ್ಕು ಸಲ ಅವನ ಎಲೆ ನಾನು ನೋಡಿರಲೇ ಇಲ್ಲ! 9-4, 10-2 ಇಂಥದ್ದನ್ನು ಕಣ್ಣಾರೆ ಮೂರು ಸಲ ಕಂಡ ಮೇಲೆ ಧೈರ್ಯ ಮಾಡಿ.

ಪ್ರಶ್ನೆ: ಇಂಥವನು ಇರುವ ಟೇಬಲಿನಲ್ಲಿ ಎಲ್ಲಿ ಕೂರುವುದು ಒಳ್ಳೆಯದು?

ಉತ್ತರ: ಅವನ ಎಡಕ್ಕೆ, ಒತ್ತಿಕೊಂಡೇ. ಆಟ ಎಡಕ್ಕೆ ಸಾಗುತ್ತದೆ, ಹಾಗಾಗಿ ಹೆಚ್ಚಿನ ಸಲ ಅವನು ಏನು ಮಾಡಿದ ಅಂತ ನೋಡಿಕೊಂಡು ನೀವು ಆಡಬಹುದು. ಇನ್ನೊಂದು ಲಾಭವೂ ಇದೆ. ಅವನು 10 ಮಾಡಿದ ತಕ್ಷಣ ನೀವು 30 ಮಾಡಿದರೆ ಹಿಂದೆ ಕೂತವರು ಹೆಚ್ಚಾಗಿ ಎಸೆದುಬಿಡುತ್ತಾರೆ, ಕಣದಲ್ಲಿ ನೀವಿಬ್ಬರೇ. ಇದು ಯಾಕೆ ಬೇಕು ಅಂದರೆ, ಎರಡು ಎಕ್ಕ ಹಿಡಿದವರು ಯಾವುದೋ ಎಲೆ ಹಿಡಿದ ಒಬ್ಬನ ಎದುರು ಸುಮಾರು ನೂರಕ್ಕೆ 85 ಸಲ ಗೆಲ್ಲುತ್ತಾರೆ. ಅದೇ ನಾಲ್ಕು ಜನ ಎದುರಿದ್ದರೆ 56ಕ್ಕೆ ಇಳಿಯುತ್ತದೆ. ಎಕ್ಕ-10, ರಾಜ-ರಾಣಿ, ಎರಡು 9, ಇವೆಲ್ಲ ಅವನೊಬ್ಬನ ಎದುರು ಭಾರಿ ಎಲೆಗಳೇ. ಮೊದಲ ಪ್ರಶ್ನೆಯವರ ಎಕ್ಕ-ಗುಲಾಮಕ್ಕೂ ನಾನಾಗಿದ್ದರೆ 30 ಮಾಡುತ್ತಿದ್ದೆ.

ಪ್ರಶ್ನೆ: ಎರಡು 4, ಎರಡು 5 ಇಂಥ ಸಣ್ಣ ಜೋಡಿ ಬಂದರೆ ಅವನ ರೈಸ್‌ಗೆ ಕಾಲ್ ಮಾಡಬಹುದಾ?

ಉತ್ತರ: 200ರಲ್ಲಿ 10 ಹಾಕುವುದಾದರೆ ಮಾಡಿ. ಫ್ಲಾಪ್‌ನಲ್ಲಿ ಅದೇ ಎಲೆ ಮತ್ತೊಂದು ಬೀಳುವುದು ಎಂಟೂವರೆ ಸಲಕ್ಕೊಮ್ಮೆ, ಆದರೆ ಬಿದ್ದಾಗ ಅವನು ತಾನಾಗಿಯೇ ಪೂರ್ತಿ ಕೊಡುತ್ತಾನೆ. ಅವನು 40 ಮಾಡಿದರೆ ಬೇಡ, ಲೆಕ್ಕ ಕೂಡಿಬರುವುದಿಲ್ಲ.

ಪ್ರಶ್ನೆ: ಅವನು ಬ್ಲಫ್ ಮಾಡಿ (ಸುಳ್ಳು ಹೊಡೆದು) ನನ್ನನ್ನು ಓಡಿಸುತ್ತಾನೆ. ನಾನೂ ತಿರುಗಿಸಿ ಬ್ಲಫ್ ಮಾಡಿದರೆ? ಎರಡು ಸಲ ಮಾಡಿದೆ, ಎರಡು ಸಲವೂ ಕಾಲ್ ಮಾಡಿದ!

ಉತ್ತರ: ಮೂರನೇ ಸಲವೂ ಮಾಡುತ್ತಾನೆ.

ಪ್ರಶ್ನೆ: ನೀವು ಹೇಳಿದ ಹಾಗೆ ಕಾದು ಆಡಿದರೂ ಒಂದೇ ದಿನ ಮೂರು ಸಲ 200 ಕಳೆದುಕೊಂಡೆ. ಮೂರು ಸಲವೂ ಫ್ಲಾಪ್‌ನಲ್ಲಿ ನಾನೇ ಮುಂದಿದ್ದೆ.

ಉತ್ತರ: ಆಗುತ್ತದೆ. ಫ್ಲಾಪ್‌ನಲ್ಲಿ ಅವನ ಕೈಗೆ ಒಂದೇ ಚಿಹ್ನೆಯ ನಾಲ್ಕು ಎಲೆ ಕೂಡಿದ್ದರೆ, ನೀವು ಮುಂದಿದ್ದರೂ ಕೊನೆಯವರೆಗೆ ಹೋದಾಗ ನೂರಕ್ಕೆ 35 ಸಲ ಅವನಿಗೆ ಫ್ಲಷ್ ಆಗುತ್ತದೆ. ಇಂಥವನ ಜೊತೆ ಪಾಟ್ ಪ್ರತಿ ಸಲ ದೊಡ್ಡದಾಗುವುದರಿಂದ ಏರಿಳಿತವೂ ಜಾಸ್ತಿ. 200ರ ಆಟಕ್ಕೆ ಒಟ್ಟು 4000ದಿಂದ 6000 ಚಿಪ್‌ನಷ್ಟು ಹಣ ಬೇರೆಯಾಗಿ ತೆಗೆದಿಟ್ಟಿದ್ದರೆ ಮೂರು ಸಲ ಸೋತದ್ದು ದೊಡ್ಡ ಪೆಟ್ಟಲ್ಲ. ಕೈಯಲ್ಲಿದ್ದದ್ದೇ 600 ಆಗಿದ್ದರೆ ಆ ಟೇಬಲಿಗೆ ಸದ್ಯ ಹೋಗಬೇಡಿ, ಇನ್ನೂ ಸಣ್ಣ ಬ್ಲೈಂಡ್ ಇರುವ ಕಡೆ ಕೂರಿ. ಅಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ.