ನಿಂತ ಕಾರಿನ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆಯಾ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಕಾರನ್ನು ಮೂರ್ನಾಲ್ಕು ದಿನ ಮನೆ ಮುಂದೆ ನಿಲ್ಲಿಸಿದರೆ ಸಾಕು, ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್ ಸದ್ದು ಬರುತ್ತದೆ. ಬ್ಯಾಟರಿ ಹಾಕಿಸಿ ಎರಡೇ ತಿಂಗಳಾಗಿದೆ. ಈಗ ಅಂಗಡಿಯವರು ಇನ್ನೂ ದೊಡ್ಡದು ಹಾಕಿಸಿ ಅನ್ನುತ್ತಿದ್ದಾರೆ, ಹಾಕಿಸಲಾ ಅಂತ ಕೇಳಿದ್ದೀರಿ.

ದಯವಿಟ್ಟು ಈಗಲೇ ಹಾಕಿಸಬೇಡಿ. ನಲ್ಲಿ ಸೋರುತ್ತಿರುವಾಗ ದೊಡ್ಡ ಟ್ಯಾಂಕ್ ಇಟ್ಟರೆ ಅದು ಖಾಲಿಯಾಗುವುದು ಎರಡು ದಿನ ತಡವಾಗುತ್ತದೆ, ಅಷ್ಟೇ. ನಾನು ಇದೇ ಕಾರಣಕ್ಕೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂಡವನು. ಎರಡೂ ಬ್ಯಾಟರಿಗಳಲ್ಲಿ ಏನೂ ದೋಷ ಇರಲಿಲ್ಲ. ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಬ್ಯಾಟರಿಯನ್ನು ಅಂಗಡಿಯಲ್ಲಿ ಬಿಟ್ಟು ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿಸಿ. ಜಂಪ್ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಊರು ಸುತ್ತಿದರೆ ಪೂರ್ತಿ ಖಾಲಿಯಾದ ಬ್ಯಾಟರಿ ತುಂಬುವುದಿಲ್ಲ. ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಅದಕ್ಕೆ ಮೂರೂವರೆ ಆಂಪಿಯರ್‌ನಲ್ಲಿ ಹತ್ತು ಗಂಟೆಗೂ ಜಾಸ್ತಿ ಬೇಕು. ಅರ್ಧಂಬರ್ಧ ಚಾರ್ಜ್ ಆದ ಬ್ಯಾಟರಿ ಇಟ್ಟುಕೊಂಡು ಏನೇ ಪರೀಕ್ಷೆ ಮಾಡಿದರೂ ಉತ್ತರ ತಪ್ಪೇ ಬರುತ್ತದೆ.

ಚಾರ್ಜ್ ಆದ ಮೇಲೆ ಕೆಲವು ಗಂಟೆ ಸುಮ್ನೆ ಬಿಟ್ಟು ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಆಸುಪಾಸು ಬಂದರೆ ತುಂಬಿದೆ ಅಂತ ಅರ್ಥ. 12.2 ಅಂದರೆ ಅರ್ಧ ಮಾತ್ರ. 12ಕ್ಕಿಂತ ಕೆಳಗೆ ಹೋದರೆ ಹತ್ತಿರ ಹತ್ತಿರ ಖಾಲಿ. ಆಮೇಲೆ ಕಾರಿಗೆ ಹಾಕಿ ಸ್ಟಾರ್ಟ್ ಮಾಡಿ, ಇಂಜಿನ್ ಓಡುತ್ತಿರುವಾಗ ಇನ್ನೊಮ್ಮೆ ನೋಡಿ. ಸುಮಾರು 13.8ರಿಂದ 14.5ರ ಒಳಗೆ ಬರಬೇಕು. ಬಂದರೆ ಡೈನಮೋ ಚಾರ್ಜ್ ಮಾಡುತ್ತಿದೆ. ಬರದಿದ್ದರೆ ಕಥೆಯೇ ಬೇರೆ, ಮೊದಲು ಡೈನಮೋ ಮತ್ತು ಅದರ ಬೆಲ್ಟ್ ನೋಡಿಸಿ.

ಇನ್ನು ಮುಖ್ಯ ಪ್ರಶ್ನೆ. ಸೋರುತ್ತಿರುವುದು ಬ್ಯಾಟರಿಯ ಒಳಗೋ, ಕಾರಿನಲ್ಲೋ? ಇದನ್ನು ತಿಳಿಯಲು ಮೀಟರೂ ಬೇಡ, 10 ನಂಬರ್ ಸ್ಪ್ಯಾನರ್ ಒಂದಿದ್ದರೆ ಸಾಕು. ತುಂಬಿದ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಟರ್ಮಿನಲ್‌ಗೆ ತಾಗದ ಹಾಗೆ ಬಟ್ಟೆ ಸುತ್ತಿ, ಮೂರು ದಿನ ಕಾರನ್ನು ಮುಟ್ಟಬೇಡಿ. ನಾಲ್ಕನೇ ದಿನ ವೈರ್ ಹಾಕಿ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆದರೆ ಬ್ಯಾಟರಿ ಚೆನ್ನಾಗಿದೆ, ಕಾರೇ ಕುಡಿಯುತ್ತಿದೆ. ಹೀಗೆ ಬಿಟ್ಟರೂ ಡೌನ್ ಆದರೆ ಬ್ಯಾಟರಿಯದ್ದೇ ತಪ್ಪು, ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ. ಇಷ್ಟು ಸುಲಭದ ಪರೀಕ್ಷೆಯನ್ನು ನನಗೆ ಯಾರೂ ಹೇಳಲಿಲ್ಲವಲ್ಲ ಅಂತ ಇವತ್ತಿಗೂ ಬೇಜಾರಿದೆ. ಒಂದು ಎಚ್ಚರಿಕೆ: ಬಿಚ್ಚುವಾಗ ಯಾವಾಗಲೂ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

ನಿಮ್ಮ ವಿವರಣೆ ನೋಡಿದರೆ ಕಾರೇ ಕುಡಿಯುತ್ತಿದೆ ಅಂತ ನನಗೆ ಅನಿಸುತ್ತದೆ. ನಿಲ್ಲಿಸಿದ ಕಾರು ಸ್ವಲ್ಪ ಕರೆಂಟ್ ತೆಗೆದುಕೊಳ್ಳುವುದು ಸಹಜ. ಲಾಕ್, ಅಲಾರಂ, ಗಡಿಯಾರ, ಕಂಪ್ಯೂಟರ್‌ನ ಮೆಮೊರಿ ಇವಕ್ಕೆಲ್ಲ ಬೇಕಲ್ವಾ. ಸಾಮಾನ್ಯವಾಗಿ ಅದು 20ರಿಂದ 50 ಮಿಲಿಆಂಪಿಯರ್. 50 ಅಂತಲೇ ಇಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ತುಂಬಿದ ಬ್ಯಾಟರಿ ಎರಡು ವಾರ ನಿಂತರೂ ಕಾರು ಸ್ಟಾರ್ಟ್ ಆಗಲೇಬೇಕು. ಮೂರು ದಿನಕ್ಕೇ ಮಲಗುತ್ತದೆ ಅಂದರೆ ಇದರ ಎಂಟು ಹತ್ತು ಪಟ್ಟು ಹೋಗುತ್ತಿರಬೇಕು.

ಅದನ್ನು ಅಳೆಯುವುದು ಹೀಗೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಅಂತ ಬರೆದ ತೂತಿಗೆ ಹಾಕಿ, ಡಯಲ್ ಡಿಸಿ ಆಂಪಿಯರ್‌ಗೆ ತಿರುಗಿಸಿ. ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ತುದಿ ನೆಗೆಟಿವ್ ಕೇಬಲ್‌ನ ಕ್ಲ್ಯಾಂಪಿಗೆ. ಮೊಸಳೆ ಕ್ಲಿಪ್ ಇದ್ದರೆ ಕೈ ಖಾಲಿಯಾಗುತ್ತದೆ. ಎರಡೂ ತುದಿ ಹಿಡಿದುಕೊಂಡ ಮೇಲೆಯೇ ಕ್ಲ್ಯಾಂಪನ್ನು ಕಂಬದಿಂದ ಮೇಲಕ್ಕೆತ್ತಿ. ಆಗ ಕರೆಂಟೆಲ್ಲ ಮೀಟರಿನ ಮೂಲಕವೇ ಹರಿಯುತ್ತದೆ. ಮೀಟರ್ ಹೀಗೆ ಇರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟರ್ ನೂರು ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ, ಮೀಟರ್ ಒಳಗಿನ ಫ್ಯೂಸ್ ಹಾರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ಮರೆಯದೆ ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೆಯೇ ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿದರೆ ನೇರ ಶಾರ್ಟ್ ಆಗುತ್ತದೆ.

ಎಲ್ಲರೂ ಎಡವುವುದು ಇಲ್ಲೇ. ಮೀಟರ್ ಹಾಕಿದ ತಕ್ಷಣ ಕಾಣುವ ಅಂಕಿಯನ್ನು ನಂಬಬೇಡಿ. ಬಾಗಿಲು ತೆಗೆದು ಮುಚ್ಚಿದ ಕಾರು ನಿದ್ದೆಗೆ ಜಾರಲು ಹತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿಯುತ್ತದೆ. ನಾನು ಒಂದು ಭಾನುವಾರ ಬೆಳಿಗ್ಗೆ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ನೋಡಿದೆ. ಮೊದಲು 2.1 ಆಂಪಿಯರ್ ಇತ್ತು. ಸ್ವಲ್ಪ ಹೊತ್ತಿಗೆ 1.4, ಆಮೇಲೆ 0.9. ಇಪ್ಪತ್ತು ನಿಮಿಷ ಕಳೆದ ಮೇಲೆ 0.41ಕ್ಕೆ ಬಂದು ನಿಂತಿತು, ಅಲ್ಲಿಂದ ಕೆಳಗಿಳಿಯಲೇ ಇಲ್ಲ. ಆ 0.41 ನನ್ನ ಕಳ್ಳ. ದಿನಕ್ಕೆ ಹತ್ತಿರ ಹತ್ತಿರ 10 ಆಂಪಿಯರ್ ಅವರ್. 35ರ ಬ್ಯಾಟರಿ ಮೂರು ದಿನಕ್ಕೆ ಮಲಗುತ್ತಿದ್ದದ್ದು ಯಾಕೆ ಅಂತ ಆಗ ಲೆಕ್ಕ ಸಿಕ್ಕಿತು.

ಕಾಯಲು ಕೂರುವ ಮೊದಲೇ ಮಾಡಿಕೊಳ್ಳಬೇಕಾದ ಎರಡು ಮೂರು ಸಿದ್ಧತೆ ಇವೆ. ಡ್ರೈವರ್ ಬಾಗಿಲು ತೆರೆದೇ ಇಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಬಿಡಿ. ಬಾಗಿಲು ಹಾಕಿದೆ ಅಂತ ಕಾರು ತಿಳಿದುಕೊಳ್ಳುತ್ತದೆ. ಬಾನೆಟ್ ಲಾಚಿಗೆ ವೈರ್ ಇದ್ದರೆ ಅದಕ್ಕೂ ಹಾಗೇ ಮಾಡಿ. ಬಟನ್ ಸ್ಟಾರ್ಟ್ ಕಾರಾದರೆ ಕೀ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ಮನೆಯೊಳಗೆ ದೂರ ಇಟ್ಟು ಬನ್ನಿ. ಹತ್ತಿರ ಇದ್ದರೆ ಕೆಲವು ಕಾರು ನಿದ್ದೆಯೇ ಮಾಡುವುದಿಲ್ಲ.

ಅಂಕಿ ನಿಂತ ಮೇಲೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ಹಾಕಿ, ಮೀಟರ್ ಯಾವಾಗ ಧೊಪ್ಪನೆ ಇಳಿಯುತ್ತದೆ ನೋಡಿ. ಶುರು ಮಾಡುವ ಮೊದಲು ಮೊಬೈಲಿನಲ್ಲಿ ಫ್ಯೂಸ್ ಬಾಕ್ಸಿನ ಫೋಟೊ ತೆಗೆದುಕೊಳ್ಳಿ. ಏರ್‌ಬ್ಯಾಗ್ ಫ್ಯೂಸಿನ ತಂಟೆಗೆ ಹೋಗಬೇಡಿ. ಒಂದು ತೊಂದರೆ ಏನೆಂದರೆ, ಫ್ಯೂಸ್ ವಾಪಸ್ ಹಾಕಿದಾಗ ಮಲಗಿದ್ದ ಯಾವುದೋ ಯೂನಿಟ್ ಎದ್ದು ಕೂರಬಹುದು, ಆಗ ಮತ್ತೆ ಕಾಯಬೇಕು. ಅದಕ್ಕೆ ಪರಿಚಯದ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಇನ್ನೂ ಒಳ್ಳೆಯ ದಾರಿ ತೋರಿಸಿದರು. ಫ್ಯೂಸ್ ತೆಗೆಯಲೇಬೇಡಿ. ಅದರ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕಿ ಕಾಣುತ್ತವೆ. ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಆ ಎರಡೂ ಚುಕ್ಕಿಗೆ ತಾಗಿಸಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಇಲ್ಲ. ಸೊನ್ನೆ ಪಾಯಿಂಟ್ ಏನೋ ಬಂದರೆ ಆ ಫ್ಯೂಸಿನಲ್ಲಿ ಹರಿಯುತ್ತಿದೆ. ಇದಕ್ಕೆ ಬ್ಯಾಟರಿ ವೈರ್ ಬಿಚ್ಚುವ ಅಗತ್ಯವೂ ಇಲ್ಲ. ಈಗ ನಾನು ಯಾರ ಕಾರು ನೋಡಿದರೂ ಮೊದಲು ಮಾಡುವುದು ಇದನ್ನೇ.

ನನ್ನ ಕಾರಿನಲ್ಲಿ ಬಾನೆಟ್ ಕೆಳಗಿನ ಫ್ಯೂಸ್‌ಗಳೆಲ್ಲ ಸರಿಯಾಗಿದ್ದವು. ಸ್ಟೇರಿಂಗ್ ಕೆಳಗಿನ ಬಾಕ್ಸಿನಲ್ಲಿ ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ಎಳೆದ ಕೂಡಲೇ 0.41 ಇದ್ದದ್ದು 0.03ಕ್ಕೆ ಇಳಿಯಿತು. ಮುಚ್ಚಳದಲ್ಲಿ ಅದಕ್ಕೆ ರೇಡಿಯೊ ಅಂತ ಬರೆದಿತ್ತು. ಹೊರಗಡೆ ಹಾಕಿಸಿದ್ದ ಸ್ಟೀರಿಯೊ ಬಿಚ್ಚಿ ಎಳೆದು ನೋಡಿದೆ. ಅದಕ್ಕೆ ಎರಡು ಸಪ್ಲೈ ವೈರ್ ಇರುತ್ತವೆ. ಹಳದಿಗೆ ಸದಾ ಕರೆಂಟ್ ಬೇಕು, ಅದು ಮೆಮೊರಿಗೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಅಂಗಡಿಯವರು ಎರಡನ್ನೂ ಸೇರಿಸಿ ತಿರುಚಿ, ಕಪ್ಪು ಟೇಪ್ ಸುತ್ತಿ ಒಳಗೆ ತುರುಕಿದ್ದರು. ಪರದೆ ಆಫ್ ಆಗಿತ್ತು. ಆದರೆ ರಾತ್ರಿಯಿಡೀ ನಿಂತಿದ್ದ ಕಾರಿನಲ್ಲಿ ಆ ಸೆಟ್ಟಿನ ಹಿಂಬದಿ ಮುಟ್ಟಿದರೆ ಬೆಚ್ಚಗಿತ್ತು. ಕೆಂಪು ವೈರನ್ನು ಬೇರೆ ಮಾಡಿ ಕೀ ಲೈನಿಗೆ ಹಾಕಿಸಿದೆ, ಕಾಯಿಲೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಹೊರಗಡೆ ಹಾಕಿಸಿದ ಸಾಮಾನುಗಳ ಮೇಲೇ ನಿಮ್ಮ ಮೊದಲ ಅನುಮಾನ ಇರಲಿ. ಸ್ಟೀರಿಯೊ, ಆಂಪ್ಲಿಫೈಯರ್, ಪಾರ್ಕಿಂಗ್ ಮೋಡ್‌ನಲ್ಲಿರುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಹಾಕುವ ಜಾಗ) ಚುಚ್ಚಿಟ್ಟ ಡಾಂಗಲ್. ಸೆಕೆಂಡ್ ಹ್ಯಾಂಡ್ ಕಾರಾದರೆ ಹಳೆಯ ಮಾಲೀಕರು ಹಾಕಿಸಿದ ಟ್ರ್ಯಾಕರ್ ಡ್ಯಾಶ್‌ಬೋರ್ಡ್ ಒಳಗೆ ಈಗಲೂ ಇರಬಹುದು. ಡಿಕ್ಕಿಯ ಲೈಟ್ ಮುಚ್ಚಿದ ಮೇಲೂ ಉರಿಯುತ್ತಿದೆಯಾ ಅಂತ ತಿಳಿಯಲು ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಗ್ಲೋವ್ ಬಾಕ್ಸ್ ಲೈಟಿಗೂ ಅದೇ ಉಪಾಯ.

ಎಲ್ಲ ಫ್ಯೂಸ್ ನೋಡಿದರೂ ಏನೂ ಸಿಗದಿದ್ದರೆ ಡೈನಮೋ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕೆಟ್ಟು, ಇಂಜಿನ್ ನಿಂತಾಗ ಕರೆಂಟ್ ಹಿಂದಕ್ಕೆ ಸೋರುತ್ತಿರಬಹುದು. ಇದನ್ನು ಎಲೆಕ್ಟ್ರಿಷಿಯನ್ ಹತ್ತಿರವೇ ನೋಡಿಸಿ. ನೆಗೆಟಿವ್ ಬಿಚ್ಚಿ, ಡೈನಮೋದ ದಪ್ಪ ವೈರ್ ಬಿಡಿಸಿ ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆದರೆ ಗೊತ್ತಾಗುತ್ತದೆ. ಡೈನಮೋ ಚಾರ್ಜ್ ಮಾಡುತ್ತಿದೆ ಅಂದ ಮಾತ್ರಕ್ಕೆ ಡಯೋಡ್ ಚೆನ್ನಾಗಿದೆ ಅಂತ ಅಲ್ಲ.

ಸ್ಟೀರಿಯೊ ಸರಿ ಮಾಡಿಸಿದ ಮೇಲೆ ನನ್ನ ಕಾರು ವಾರವಿಡೀ ನಿಂತರೂ ಬ್ಯಾಟರಿ 12.5 ತೋರಿಸುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಈಗಲೂ ನೆಗೆಟಿವ್ ಬಿಚ್ಚಿಟ್ಟೇ ಹೋಗುತ್ತೇನೆ. ನಿಮ್ಮ ಕಾರು ಯಾವ ಅಂಕಿಗೆ ಬಂದು ನಿಂತಿತು, ಯಾವ ಫ್ಯೂಸಿನಲ್ಲಿ ಇಳಿಯಿತು ಅಂತ ಇಲ್ಲೇ ಬರೆಯಿರಿ. ಮುಂದೆ ಯಾವ ವೈರ್ ಹಿಡಿದು ಹುಡುಕಬೇಕು ಅಂತ ಹೇಳುತ್ತೇನೆ.