ಜಪಾನಿ ಸಹೋದ್ಯೋಗಿಗಳಿಗೆ ಇಂಗ್ಲಿಷ್ ಹೇಳಿಕೊಡುವುದಾದರೆ ಯಾವ ಪದ, ಯಾವ ನುಡಿಗಟ್ಟಿನಿಂದ ಶುರು ಮಾಡಬೇಕು?

ನಿಮ್ಮ ಆಫೀಸಿಗೆ ಜಪಾನಿನಿಂದ ಇಬ್ಬರು ಬಂದಿದ್ದಾರೆ, ಸಂಜೆ ಹೊತ್ತು ಅವರಿಗೆ ದಿನಬಳಕೆಯ ಇಂಗ್ಲಿಷ್ ಹೇಳಿಕೊಡಲು ಒಪ್ಪಿಕೊಂಡಿದ್ದೀರಿ, ಇಂಗ್ಲಿಷ್ ಈಡಿಯಮ್‌ಗಳ ಪುಸ್ತಕ ಇಟ್ಟುಕೊಂಡು ದಿನಕ್ಕೆ ಹತ್ತರಂತೆ ಕಲಿಸಿದರೆ ಹೇಗೆ ಅಂತ ಕೇಳಿದ್ದೀರಿ. ಬೇಡ. ಆ ಪುಸ್ತಕ ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಜಪಾನಿ ಎಂಜಿನಿಯರುಗಳ ಜೊತೆ ಕೆಲಸ ಮಾಡುತ್ತೇನೆ, ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತಲೇ ನಾನೂ ಸ್ವಲ್ಪ ಜಪಾನಿ ಕಲಿತೆ. ಹಾಗಾಗಿ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ಅವರಿಗೆ ಪದಗಳ ಕೊರತೆ ಇಲ್ಲ. ಆರನೇ ಕ್ಲಾಸಿನ ನಂತರ 3 ವರ್ಷ, ಆಮೇಲೆ ಹೈಸ್ಕೂಲಿನಲ್ಲಿ 3 ವರ್ಷ ಎಲ್ಲರೂ ಇಂಗ್ಲಿಷ್ ಓದಿರುತ್ತಾರೆ. 2020ರಿಂದ ಐದನೇ ಕ್ಲಾಸಿನಲ್ಲೇ ಅದು ಪಾಠವಾಗಿ ಶುರುವಾಗಿದೆ. ಅಲ್ಲಿನ ಕಂಪನಿಗಳು ನೋಡುವ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ 990 ಅಂಕ, ಆದರೆ ಹೆಚ್ಚಿನವರು ಬರೆಯುವ ಅದರ ರೂಪದಲ್ಲಿ ಕೇಳುವುದು ಮತ್ತು ಓದುವುದು ಮಾತ್ರ ಇದೆ, ಬಾಯಿ ಬಿಡುವ ಅಗತ್ಯವೇ ಇಲ್ಲ. ಅದಕ್ಕೇ ಒಳ್ಳೆ ಅಂಕ ತೆಗೆದವರೂ ಮೀಟಿಂಗಿನಲ್ಲಿ ಸುಮ್ಮನೆ ಕೂತಿರುತ್ತಾರೆ. 'ಪೋಸ್ಟ್‌ಪೋನ್' ಅಂದರೆ ತಕ್ಷಣ ಅರ್ಥವಾಗುತ್ತದೆ, 'ಪುಟ್ ಆಫ್' ಅಂದರೆ ಮುಖ ನೋಡುತ್ತಾರೆ.

ಹಾಗಾಗಿ ಶುರು ಮಾಡಬೇಕಾದದ್ದು ಅವರಿಗೆ ಈಗಾಗಲೇ ಗೊತ್ತಿದೆ ಅಂತ ಅವರು ಅಂದುಕೊಂಡಿರುವ ಇಂಗ್ಲಿಷಿನಿಂದ. ಜಪಾನಿಗೆ ಹೋಗಿ ಅರ್ಥ ಬದಲಾದ ಇಂಗ್ಲಿಷ್ ಪದಗಳು ಬೇಕಾದಷ್ಟಿವೆ. ಇಂಥವನ್ನು ಅವರು 'ವಾಸೆಯ್ ಎಯ್ಗೊ' ಅನ್ನುತ್ತಾರೆ, ಅಂದರೆ ಜಪಾನಿನಲ್ಲೇ ತಯಾರಾದ ಇಂಗ್ಲಿಷ್. 'ಮಾನ್ಶೊನ್' (ಮ್ಯಾನ್ಷನ್) ಅಂದರೆ ಬಂಗಲೆ ಅಲ್ಲ, ಅಪಾರ್ಟ್‌ಮೆಂಟು. 'ಕೊನ್ಸೆಂಟೊ' ಅಂದರೆ ಗೋಡೆಯ ಪ್ಲಗ್ ಪಾಯಿಂಟು. 'ಸುಮಾಟೊ' (ಸ್ಮಾರ್ಟ್) ಅಂದರೆ ತೆಳ್ಳಗಿರುವವರು. 'ಸಾಬಿಸು' (ಸರ್ವಿಸ್) ಅಂದರೆ ದುಡ್ಡಿಲ್ಲದೆ ಕೊಡುವುದು. ಬಫೆ ಊಟಕ್ಕೆ 'ಬೈಕಿಂಗು', ಅಂದರೆ ವೈಕಿಂಗ್. ಟೋಕಿಯೋದ ಇಂಪೀರಿಯಲ್ ಹೋಟೆಲ್ 1958ರಲ್ಲಿ ಆ ಹೆಸರಿನಲ್ಲಿ ಶುರು ಮಾಡಿದ್ದು ದೇಶಕ್ಕೆಲ್ಲ ಹಬ್ಬಿತು. ಇವೆಲ್ಲ ತಪ್ಪಾದರೂ ದೊಡ್ಡ ನಷ್ಟವಿಲ್ಲ. ಆದರೆ 'ಕುರೇಮು' ಹಾಗಲ್ಲ. ಅದು ಕ್ಲೇಮ್, ಅವರ ಬಾಯಲ್ಲಿ ಅದಕ್ಕೆ ದೂರು ಅಂತ ಅರ್ಥ. ಕಸ್ಟಮರ್ ಕ್ಲೇಮ್ ಬಂದಿದೆ ಅಂತ ಅವರು ಮೇಲ್ ಹಾಕಿದರೆ ನಮ್ಮವರು ಪರಿಹಾರ ಕೇಳಿದ್ದಾರೆ ಅಂತ ಗಾಬರಿಯಾಗುತ್ತಾರೆ. 'ಟೆನ್ಶೊನ್' ಇನ್ನೂ ಮಜಾ: ಅವರಿಗೆ ಟೆನ್ಷನ್ ಜಾಸ್ತಿ ಅಂದರೆ ಖುಷಿ, ಹುರುಪು ಜಾಸ್ತಿ. ನಮಗೆ ಟೆನ್ಷನ್ ಅಂದರೆ ಚಿಂತೆ. 'ಇವತ್ತು ನಾನು ಹೈ ಟೆನ್ಷನ್' ಅಂತ ಅವರು ನಗುತ್ತಾ ಹೇಳಿದರೆ, ಏನಾಯ್ತು ಸರ್ ಅಂತ ನಾವು ಕೇಳುತ್ತೇವೆ! ಅದರ ಬದಲು 'ಎಕ್ಸೈಟೆಡ್' ಅಂತ ಹೇಳಿಕೊಡಿ. ಅವರವರ ಕೆಲಸಕ್ಕೆ ತಾಗುವ ಇಂಥ ಪದಗಳ ಪಟ್ಟಿಯನ್ನು ಅವರಿಂದಲೇ ಮಾಡಿಸಿ.

ಇನ್ನು ಕೆಲವು ಸಾಲುಗಳು ಜಪಾನಿಯಿಂದ ನೇರವಾಗಿ ಇಳಿದು ಬರುತ್ತವೆ. ಮನೆಗೆ ಬಂದವರು 'ಟಾಯ್ಲೆಟ್ ಬಾರೋ ಮಾಡಬಹುದಾ', ಅಂದರೆ ಎರವಲು ಪಡೆಯಬಹುದಾ ಅಂತ ಕೇಳುತ್ತಾರೆ, ಅವರ ಭಾಷೆಯಲ್ಲಿ ಹಾಗೆ ಕೇಳುವುದೇ ಮರ್ಯಾದೆ. ಮಧ್ಯವಯಸ್ಸಿನ ಮ್ಯಾನೇಜರ್ 'ಭಾನುವಾರ ಗೆಳೆಯರ ಜೊತೆ ಪ್ಲೇ ಮಾಡಿದೆ' ಅನ್ನುತ್ತಾರೆ. 'ಅಸೊಬು' ಅನ್ನುವ ಪದ ಆಟಕ್ಕೂ ಸುತ್ತಾಟಕ್ಕೂ ಒಂದೇ. ಅಲ್ಲಿ 'ಮೆಟ್ ಅಪ್', 'ಹಂಗ್ ಔಟ್' ಬೇಕು. ನಾನು ಎಲ್ಲಕ್ಕಿಂತ ಮೊದಲು ತಿದ್ದುವುದು 'ಯೂ ಹ್ಯಾಡ್ ಬೆಟರ್' ಅನ್ನುವುದನ್ನು. ಶಾಲೆಯಲ್ಲಿ ಅದನ್ನು ಸಲಹೆ ಕೊಡುವ ಮಾತು ಅಂತ ಕಲಿತಿರುತ್ತಾರೆ. ಇಂಗ್ಲಿಷಿನವರ ಕಿವಿಗೆ ಅದು ಬೆದರಿಕೆ ಥರ ಕೇಳಿಸುತ್ತದೆ, ಮಾಡದಿದ್ದರೆ ನೋಡು ಅಂದಂತೆ. ಪಾಪ, ತುಂಬಾ ವಿನಯದ ಜನ, ಗೊತ್ತಿಲ್ಲದೆ ಕಸ್ಟಮರಿಗೆ ಹಾಗೆ ಬರೆದುಬಿಡುತ್ತಾರೆ. 'ಯೂ ಮೈಟ್ ವಾಂಟ್ ಟು' ಅನ್ನುವುದನ್ನು ಬಾಯಿಪಾಠ ಮಾಡಿಸಿ. ಆಮೇಲೆ 'ಇಲ್ಲ' ಇರುವ ಪ್ರಶ್ನೆಗಳು. 'ಡಿಡಂಟ್ ಯೂ ಗೆಟ್ ದ ಮೇಲ್' ಅಂತ ಕೇಳಿದರೆ 'ಯೆಸ್' ಅನ್ನುತ್ತಾರೆ, ಅಂದರೆ ಹೌದು, ಬಂದಿಲ್ಲ ಅಂತ. ನೀವು ಮೇಲ್ ಬಂದಿದೆ ಅಂದುಕೊಂಡು ಸುಮ್ಮನಾಗುತ್ತೀರಿ. ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳುವ ಅಭ್ಯಾಸ ಮಾಡಿಸಿ, ನೀವೂ ಅಂಥ ಪ್ರಶ್ನೆ ಕಡಿಮೆ ಕೇಳಿ.

ಈಗ ನಿಜವಾಗಿ ಕಷ್ಟದ ಜಾಗ, ಸಣ್ಣ ಕ್ರಿಯಾಪದಗಳು. ಗೆಟ್, ಪುಟ್, ಟೇಕ್, ರನ್, ಟರ್ನ್, ಇವುಗಳ ಹಿಂದೆ ಅಪ್, ಔಟ್, ಆಫ್ ಸೇರಿದರೆ ಅರ್ಥವೇ ಬೇರೆ. ಇಲ್ಲಿ ಕನ್ನಡಿಗರಾದ ನಿಮಗೆ ಒಂದು ಅನುಕೂಲ ಇದೆ, ಇಂಗ್ಲಿಷ್ ಮಾತ್ರ ಬಲ್ಲವರಿಗೆ ಅದಿಲ್ಲ. ಜಪಾನಿಯ ವಾಕ್ಯ ಕಟ್ಟುವ ರೀತಿ ನಮ್ಮದಕ್ಕೆ ಹತ್ತಿರ. ಕ್ರಿಯಾಪದ ಕೊನೆಗೆ ಬರುತ್ತದೆ, ಎ ಮತ್ತು ದಿ ಇಲ್ಲ, ಒಂದು ಕ್ರಿಯಾಪದಕ್ಕೆ ಇನ್ನೊಂದನ್ನು ಜೋಡಿಸುವುದೂ ಇದೆ. 'ತಾಬೆತೆ ಮಿರು' ಅಂದರೆ ಅಕ್ಷರಶಃ ತಿಂದು ನೋಡು. 'ತಾಬೆತೆ ಶಿಮಾವು' ಅಂದರೆ ಹೆಚ್ಚೂ ಕಮ್ಮಿ ನಮ್ಮ ತಿಂದುಬಿಡು. 'ಓಕು' ಅಂದರೆ ಇಡು, 'ಕಾತ್ತೆ ಓಕು' ಅಂದರೆ ಮುಂಚೆಯೇ ಕೊಂಡಿಡು. ನಾವು ಬಿಡು, ಹಾಕು ಸೇರಿಸಿ ಹೇಳುವುದನ್ನು ಇಂಗ್ಲಿಷಿನವರು ಎಷ್ಟೋ ಸಲ ಅಪ್ ಸೇರಿಸಿ ಹೇಳುತ್ತಾರೆ. ಈಟ್ ಅಪ್ ಅಂದರೆ ತಿಂದು ಮುಗಿಸು, ಯೂಸ್ ಅಪ್ ಅಂದರೆ ಬಳಸಿ ಖಾಲಿ ಮಾಡು. ಹೀಗೆ ವಿವರಿಸಿದಾಗ ಅವರ ಮುಖ ಅರಳುತ್ತದೆ. ಎಲ್ಲ 'ಅಪ್'ಗೂ ಇದು ಒಪ್ಪುವುದಿಲ್ಲ, ಗಿವ್ ಅಪ್ ಬೇರೆಯೇ. ಆದರೂ ಬರೀ ಬಾಯಿಪಾಠಕ್ಕಿಂತ ಇದು ಎಷ್ಟೋ ವಾಸಿ. ಕೆಲಸದ ಜಾಗಕ್ಕೆ ರನ್ ಔಟ್ ಆಫ್, ಫಿಗರ್ ಔಟ್, ಫಾಲೋ ಅಪ್, ಪುಟ್ ಆಫ್, ಕಾಲ್ ಆಫ್, ಇಷ್ಟು ಮೊದಲ ತಿಂಗಳಿಗೆ ಸಾಕು. ಪುಟ್ ಆಫ್, ಕಾಲ್ ಆಫ್ ಎರಡನ್ನೂ ಒಂದೇ ದಿನ ಹೇಳಬೇಡಿ, ಮುಂದಕ್ಕೆ ಹಾಕಿದ್ದು ಯಾವುದು, ರದ್ದಾಗಿದ್ದು ಯಾವುದು ಅಂತ ಕಲಸಿಹೋಗುತ್ತದೆ.

ನುಡಿಗಟ್ಟುಗಳಿಗೆ ಬರೋಣ. ಜಪಾನಿಯಲ್ಲಿ ಜೊತೆ ಇರುವ ನುಡಿಗಟ್ಟುಗಳನ್ನು ಮೊದಲು ಕೊಡಿ. ಒಂದೇ ಕಲ್ಲಿಗೆ ಎರಡು ಹಕ್ಕಿ ಅನ್ನುವುದು ಅಲ್ಲೂ ಇದೆ, 'ಇಸ್ಸೆಕಿ ನಿಚೋ', ಇಂಗ್ಲಿಷಿನಿಂದಲೇ ಹೋದದ್ದು. ಕೈ ಕೊಡು ಅಂದರೆ ಸಹಾಯ ಅಂತ ಅವರಿಗೂ ಗೊತ್ತು, ಹಾಗಾಗಿ 'ಗಿವ್ ಮಿ ಎ ಹ್ಯಾಂಡ್' ಸಲೀಸು. (ನಮ್ಮಲ್ಲಿ ಕೈ ಕೊಟ್ಟ ಅಂದರೆ ಮೋಸ ಮಾಡಿದ, ಅದು ಬೇರೆ ಮಾತು.) ನೀರು ಕುಡಿದಷ್ಟು ಸುಲಭ ಅನ್ನಲು ಅವರು ಬೆಳಗಿನ ತಿಂಡಿಗೆ ಮುಂಚೆ ಮುಗಿಯುವ ಕೆಲಸ ಅನ್ನುತ್ತಾರೆ, 'ಆಸಾಮೆಶಿಮಾಯೆ', ಅದರ ಪಕ್ಕದಲ್ಲಿ 'ಪೀಸ್ ಆಫ್ ಕೇಕ್' ಇಡಿ. ಉಲ್ಟಾ ದಾರಿಯಲ್ಲಿ ಮಾತ್ರ ಹುಷಾರಾಗಿರಬೇಕು. ತುಂಬಾ ಜನರ ಪರಿಚಯ ಇರುವವರನ್ನು ಅಗಲ ಮುಖದವರು ಅನ್ನುತ್ತಾರೆ, ಕೆಲಸ ಹೋದರೆ ಕುತ್ತಿಗೆ ಆಯ್ತು ಅನ್ನುತ್ತಾರೆ. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ. 'ವೆಲ್ ಕನೆಕ್ಟೆಡ್', 'ಗಾಟ್ ಫೈಯರ್ಡ್' ಅಂತ ಸರಳವಾಗಿ ಹೇಳಿಕೊಡಿ. ಬೆಕ್ಕು ನಾಯಿಗಳ ಮಳೆ ಎಲ್ಲ ಪುಸ್ತಕದಲ್ಲೂ ಇರುತ್ತದೆ, ಆದರೆ ಮಾತಿನಲ್ಲಿ ಕೇಳಿಬರುವುದು 'ಇಟ್ಸ್ ಪೋರಿಂಗ್'. ನನ್ನ ಲೆಕ್ಕದಲ್ಲಿ ಅಲಂಕಾರದ ನುಡಿಗಟ್ಟುಗಳೆಲ್ಲ ಕೇಳಿದಾಗ ಅರ್ಥವಾದರೆ ಸಾಕು, ಬಾಯಲ್ಲಿ ಬರಬೇಕಿಲ್ಲ.

'ಒತ್ಸುಕಾರೆಸಾಮಾ' (ಕೆಲಸ ಮಾಡಿ ದಣಿದಿದ್ದೀರಿ ಅನ್ನುವ ಉಪಚಾರದ ಮಾತು), 'ಯೊರೊಶಿಕು ಒನೆಗಾಯ್ ಶಿಮಾಸು' (ನಿಮ್ಮ ಸಹಕಾರ ಇರಲಿ ಅನ್ನುವ ಥರದ ಮಾತು) ಇವಕ್ಕೆ ಇಂಗ್ಲಿಷಿನಲ್ಲಿ ಏನು ಅಂತ ಅವರು ಕೇಳೇ ಕೇಳುತ್ತಾರೆ. ಒಂದೇ ಪದ ಇಲ್ಲ ಅಂತ ನೇರವಾಗಿ ಹೇಳಿ. ಸಂಜೆ ಹೊರಡುವಾಗ 'ಸೀ ಯೂ ಟುಮಾರೋ', ಮೇಲ್ ಕೊನೆಗೆ 'ಥ್ಯಾಂಕ್ಸ್ ಫಾರ್ ಯುವರ್ ಹೆಲ್ಪ್', ಹೊಸಬರನ್ನು ಕಂಡಾಗ 'ಲುಕಿಂಗ್ ಫಾರ್ವರ್ಡ್ ಟು ವರ್ಕಿಂಗ್ ವಿತ್ ಯೂ'. 'ಇತ್ತೆಕಿಮಾಸು'ಗಂತೂ ಇಂಗ್ಲಿಷಿನಲ್ಲಿ ಏನೂ ಇಲ್ಲ, ಆದರೆ ಕನ್ನಡದಲ್ಲಿ ಹಾಗೇ ಇದೆ, ಹೋಗಿ ಬರ್ತೀನಿ! ಅದನ್ನು ಅವರಿಗೆ ಹೇಳಿ, ಕನ್ನಡವನ್ನೂ ಸ್ವಲ್ಪ ಕೇಳುವ ಮನಸ್ಸಾಗುತ್ತದೆ.

ಕೊನೆಗೆ ನಮ್ಮದೇ ಇಂಗ್ಲಿಷ್. ಪ್ರೀಪೋನ್, ಡು ದ ನೀಡ್‌ಫುಲ್, ಔಟ್ ಆಫ್ ಸ್ಟೇಷನ್ ಇವು ನಿಮ್ಮ ಆಫೀಸಿನಲ್ಲಿ ಅವರ ಕಿವಿಗೆ ದಿನಾ ಬೀಳುತ್ತವೆ. ಅರ್ಥ ಹೇಳಿಕೊಡಿ, ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲ. ಆದರೆ ಅಮೆರಿಕದ ಕಸ್ಟಮರಿಗೆ ಬರೆಯುವಾಗ ಪ್ರೀಪೋನ್ ಬದಲು 'ಮೂವ್ ಅಪ್' ಬರೆಯಬೇಕು ಅಂತಲೂ ಹೇಳಿ. ಕಾಲೇಜಿನಿಂದ 'ಪಾಸ್ ಔಟ್' ಆದೆ ಅಂತ ನಮ್ಮ ಹುಡುಗರು ಹೇಳಿದರೆ, ತಲೆ ಸುತ್ತಿ ಬಿದ್ದದ್ದಲ್ಲ, ಡಿಗ್ರಿ ಮುಗಿಸಿದ್ದು ಅಂತ ಮೊದಲೇ ತಿಳಿಸಿಬಿಡಿ.