ಹೂರಣ ಸೀದದ್ದು ನಿಮಗೇಕೆ ಗೊತ್ತಾಗಲಿಲ್ಲ?

ದಾವಣಗೆರೆಯ ವಿದ್ಯಾನಗರದಿಂದ ಐದು ಪುಟದ ಪತ್ರವೊಂದು ಬಂದಿದೆ. ಬರೆದವರು 63 ವರ್ಷದ ಗೃಹಿಣಿ, ಹೆಸರು ಹಾಕಬೇಡಿ ಎಂದಿದ್ದಾರೆ. ನಾಲ್ಕೂವರೆ ಪುಟ ಮಗ ಸೊಸೆಯ ಮೇಲಿನ ದೂರು. ಅದರ ನಡುವೆ ಸಿಕ್ಕಿಕೊಂಡ ಎರಡು ಸಾಲು ಓದಿ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಸಂಗತಿ ಇಷ್ಟು. ಮಗ ಬೆಂಗಳೂರಿನಲ್ಲಿದ್ದಾನೆ. ಚಿಕ್ಕವನಿದ್ದಾಗ ಹೋಳಿಗೆ ಸಾರು ಎಂದರೆ ಪ್ರಾಣ ಬಿಡುತ್ತಿದ್ದ. ಅನ್ನಕ್ಕೆ ಕಲಸಿಕೊಂಡದ್ದು ಸಾಲದೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಈ ಯುಗಾದಿಗೆ ಹೆಂಡತಿಯೊಂದಿಗೆ ಬಂದವನು ಎರಡು ತುತ್ತು ಉಂಡು, ‘ಯಾಕೋ ಉಪ್ಪು ಹುಳಿ ಜೋರಾಗೈತಮ್ಮ’ ಎಂದು ಮೊಸರನ್ನಕ್ಕೆ ಹೊರಳಿದ. ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಹೋಗಿ ಬೆಣ್ಣೆ ದೋಸೆ ತಿಂದು ಬಂದರು, ಮನೆಯಲ್ಲಿದ್ದ ಇಬ್ಬರಿಗೆ ಪಾರ್ಸಲ್ ತಂದರು. ಬೆಂಗಳೂರಲ್ಲಿ ಅವರದು ಬೆಳಿಗ್ಗೆ ಓಟ್ಸ್ ಅಂತೆ, ರಾತ್ರಿ ಅನ್ನವೇ ಇಲ್ಲವಂತೆ. ‘ನನ್ನ ಮಗನ ನಾಲಿಗೆಯನ್ನೇ ತಿರುಗಿಸಿಬಿಟ್ಟಳು. ಮುಂದಿನ ಹಬ್ಬಕ್ಕೆ ಅವರನ್ನು ಕರೆಯಲೋ, ಬಿಡಲೋ?’ ಇದು ಅವರ ಪ್ರಶ್ನೆ.

ಕರೆಯಿರಿ ಅಕ್ಕಾ. ಅದರಲ್ಲಿ ಯೋಚಿಸುವುದೇನೂ ಇಲ್ಲ. ನಿಮ್ಮ ಮಗನ ಮೇಲೆ ನನಗಿರುವ ಒಂದೇ ತಕರಾರು ಆ ಪಾರ್ಸಲ್ಲಿನದು. ಈ ಅಂಕಣ ಓದುವವರಿಗೆ ಗೊತ್ತು, ಬೆಣ್ಣೆ ದೋಸೆಯನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತರುವವರನ್ನು ನಾನು ಕ್ಷಮಿಸುವುದಿಲ್ಲ. ಸೌದೆ ಒಲೆಯ ಹಂಚಿನಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ, ಅದರ ಆಯುಸ್ಸು ಅಷ್ಟೇ. ಅಪ್ಪ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದರೆ ನಿಮ್ಮ ಪತ್ರ ಎರಡು ಪುಟ ಕಡಿಮೆಯಾಗುತ್ತಿತ್ತು.

ಈಗ ಆ ಎರಡು ಸಾಲಿಗೆ ಬರುತ್ತೇನೆ. ಮೂರನೇ ಪುಟದಲ್ಲಿ ಸೊಸೆಯ ದೊಡ್ಡಸ್ತಿಕೆಗೆ ಉದಾಹರಣೆ ಕೊಡುತ್ತಾ ನೀವು ಬರೆದಿದ್ದೀರಿ: ‘ನಾನು ಒಲೆ ಮುಂದೇ ನಿಂತಿದ್ದೆ. ಇವಳು ರೂಮಿನಿಂದ ಓಡಿ ಬಂದು, ಹೂರಣ ತಳ ಹಿಡಿದಿದೆ ಅತ್ತೆ ಅಂತ ಗ್ಯಾಸ್ ಆರಿಸಿದಳು. ನನ್ನ ಅಡುಗೆಮನೆಯಲ್ಲಿ ನನಗೇ ಹೇಳಿಕೊಡೋಕೆ ಬರುತ್ತಾಳೆ.’

ಅಕ್ಕಾ, ಬೆಲ್ಲ ಸೀದ ವಾಸನೆ ಸಣ್ಣದಲ್ಲ. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುವಷ್ಟು ಜೋರು. ಬಾಗಿಲು ಹಾಕಿಕೊಂಡು ಒಳಗಿದ್ದವಳ ಮೂಗಿಗೆ ಹೊಡೆದದ್ದು ಒಲೆ ಮುಂದೆ ನಿಂತ ನಿಮಗೆ ಏಕೆ ಹೊಡೆಯಲಿಲ್ಲ? ಸೊಸೆ ಓಡಿ ಬಂದಳೆಂಬ ಸಿಟ್ಟಿನಲ್ಲಿ, ಏಕೆ ಓಡಿ ಬಂದಳು ಎಂಬುದನ್ನು ನೀವು ನೋಡಲೇ ಇಲ್ಲ.

ಎರಡನೆಯ ಸಾಲು ನಿಮ್ಮ ಯಜಮಾನರದು. ‘ಅವರು ದೇವರಂಥವರು, ಎರಡು ವರ್ಷದಿಂದ ಸಾರಿಗೆ ಒಂದಿಷ್ಟು ಬಿಸಿನೀರು ಬೆರೆಸಿಕೊಂಡು ಉಂಡು ಏಳುತ್ತಾರೆ, ಒಂದು ಮಾತು ಆಡಿದವರಲ್ಲ.’

ಎರಡು ವರ್ಷ!

ನಾವು ರುಚಿ ರುಚಿ ಎನ್ನುತ್ತೇವಲ್ಲ, ಅದರಲ್ಲಿ ಹೆಚ್ಚಿನ ಪಾಲು ಮೂಗಿನದು. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ, ಜೊತೆಗೆ ಬೇಳೆಕಟ್ಟು ಮಾಂಸದ ಸಾರುಗಳಲ್ಲಿ ಇರುವ ಒಂದು ಬಗೆಯ ರಸ. ಅಷ್ಟೇ. ಒಗ್ಗರಣೆಯ ಘಮ, ಕರಿಬೇವು, ಇಂಗು, ಹುರಿದ ಕೊಬ್ಬರಿ ಎಲ್ಲ ಮೂಗಿನ ಲೆಕ್ಕಕ್ಕೆ ಸೇರಿದವು. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಚಿಟಿಕೆ ಜೀರಿಗೆ ಅಗಿದು ನೋಡಿ, ಹೊಟ್ಟು ಅಗಿದ ಹಾಗಿರುತ್ತದೆ. ಬೆರಳು ತೆಗೆದ ಕ್ಷಣಕ್ಕೆ ಜೀರಿಗೆ ಜೀರಿಗೆಯಾಗುತ್ತದೆ. ಇನ್ನು ಖಾರ ಇದೆಯಲ್ಲ, ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಉರಿ. ಉರಿ ತಿಳಿಸುವ ನರವೇ ಬೇರೆ. ಹಾಗಾಗಿ ಮೂಗು ಮಂಕಾದ ಅಡುಗೆಯವರು ತಮಗೆ ತಿಳಿಯದಂತೆಯೇ ಉಪ್ಪು, ಹುಣಸೆ, ಖಾರ ಏರಿಸುತ್ತಾ ಹೋಗುತ್ತಾರೆ. ಸಾರು ಸಪ್ಪೆ ಎನಿಸುತ್ತದೆ, ಇನ್ನೊಂದು ಚಮಚ ಬೀಳುತ್ತದೆ. ಹೋಳಿಗೆ ಸಾರಿನಲ್ಲಂತೂ ಉಪ್ಪು ಹುಳಿ ಬೆಲ್ಲ ಒಂದಕ್ಕೊಂದು ಜಗಳ ಕಾಯುತ್ತಿರುತ್ತವೆ, ಒಂದು ಎಳೆ ಹೆಚ್ಚಾದರೂ ಬಾಯಿಗೆ ಹಿಡಿಸುವುದಿಲ್ಲ.

ಮೂಗು ಮಂಕಾಗಲು ಕಾರಣ ಹತ್ತಾರು. ಅರವತ್ತು ದಾಟಿದ ಮೇಲೆ ಎಷ್ಟೋ ಜನರಿಗೆ ತಾನಾಗಿಯೇ ಕುಂದುತ್ತದೆ. ಒಳಗೆ ದುರ್ಮಾಂಸ ಬೆಳೆದಿರಬಹುದು, ಹಳೆಯ ನೆಗಡಿ ಬಿಟ್ಟುಹೋದ ಕುರುಹಿರಬಹುದು. ಕೊರೋನಾದಲ್ಲಿ ವಾಸನೆ ಕಳೆದುಕೊಂಡ ಕೆಲವರಿಗೆ ಇಂದಿಗೂ ಪೂರ್ತಿ ಮರಳಿಲ್ಲ. ನಿಮಗೆ ಬಂದಿತ್ತೋ ಇಲ್ಲವೋ ನೀವು ಬರೆದಿಲ್ಲ. ಸಕ್ಕರೆ ಕಾಯಿಲೆಯ, ಬಿಪಿಯ ಕೆಲವು ಮಾತ್ರೆಗಳು ಬಾಯಿರುಚಿ ಕೆಡಿಸುತ್ತವೆ. ಅಪರೂಪಕ್ಕೆ ನರದ ಕಾಯಿಲೆಯ ಮುನ್ಸೂಚನೆಯೂ ಆಗಿರುತ್ತದೆ. ಯಾವುದೆಂದು ಹೇಳಬೇಕಾದವರು ವೈದ್ಯರು, ನಾನಲ್ಲ.

ಆದರೆ ಸಾರು ಕೆಟ್ಟಿತೆಂಬುದಕ್ಕಲ್ಲ ನನಗೆ ನಿದ್ದೆ ಕೆಟ್ಟದ್ದು. ಅಡುಗೆ ಅನಿಲಕ್ಕೆ ಅದರದೇ ಆದ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಮರ್‌ಕ್ಯಾಪ್ಟಾನ್ ಎಂಬ ಗಬ್ಬುವಾಸನೆಯ ವಸ್ತು ಬೆರೆಸಿ ಸಿಲಿಂಡರ್ ತುಂಬಿಸುತ್ತಾರೆ. ಆ ಏರ್ಪಾಡೆಲ್ಲ ಮನುಷ್ಯರ ಮೂಗನ್ನು ನಂಬಿ ಮಾಡಿದ್ದು. ದಿನವಿಡೀ ಅಡುಗೆಮನೆಯಲ್ಲಿ ಇರುವವರು ನೀವು. ಸೊಸೆ ವರ್ಷಕ್ಕೆ ಎರಡು ಸಲ ಬರುವವಳು. ಉಳಿದ ದಿನ ಯಾರು ಓಡಿ ಬರುತ್ತಾರೆ?

ನಿಮ್ಮ ಯಜಮಾನರಂತೂ ಬರುವುದಿಲ್ಲ. ಅವರ ಬಗ್ಗೆ ಒಂದು ಮಾತು ಆಡಿಯೇ ಮುಂದೆ ಹೋಗುತ್ತೇನೆ. ನಿವೃತ್ತ ಮೇಷ್ಟ್ರು ಎಂದು ಬರೆದಿದ್ದೀರಿ. ಮೂವತ್ತು ವರ್ಷ ಮಕ್ಕಳ ಪೇಪರಿನಲ್ಲಿ ಕೆಂಪು ಪೆನ್ನು ಆಡಿಸಿದ ಕೈ, ಹೆಂಡತಿಯ ಸಾರಿನಲ್ಲಿ ಒಂದು ತಪ್ಪು ಗುರುತಿಸಲಾರದೆ ಹೋಯಿತೇ? ಬಿಸಿನೀರು ಬೆರೆಸಿಕೊಂಡರೆ ಉಪ್ಪು ತೆಳ್ಳಗಾಗುತ್ತದೆ, ಹೊಟ್ಟೆಗೆ ಹೋಗುವುದು ಅಷ್ಟೇ ಹೋಗುತ್ತದೆ. ಬಿಪಿ ಮಾತ್ರೆ ನುಂಗುವ ಮನುಷ್ಯ ಬೇರೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಸುಮಾರು ಒಂದು ಟೀ ಚಮಚ. ಹೊಗಳಿ ಉಣ್ಣುವ ಗಂಡ, ಸುಮ್ಮನೆ ಉಣ್ಣುವ ಗಂಡ, ಇಬ್ಬರನ್ನೂ ಅಡುಗೆಮನೆಗೆ ಹತ್ತಿರ ಸೇರಿಸಬಾರದೆಂದು ನಾನು ಇಲ್ಲಿ ಎಷ್ಟು ಸಲ ಬರೆದಿಲ್ಲ! ಬಾಯಿಬಿಟ್ಟು ‘ಉಪ್ಪು ಜಾಸ್ತಿಯಾಗಿದೆ ಕಣೇ’ ಎಂದಿದ್ದರೆ ಎರಡು ವರ್ಷದ ಹಿಂದೆಯೇ ನೀವು ಡಾಕ್ಟರ ಮುಂದೆ ಕೂತಿರುತ್ತಿದ್ದಿರಿ. ಅಂದ ಒಬ್ಬನೇ ಒಬ್ಬ ನಿಮ್ಮ ಮಗ. ಅವನ ಮೇಲೆ ಐದು ಪುಟ ಬರೆದಿರಿ.

ಮಗನ ನಾಲಿಗೆ ಬದಲಾಗಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಬದಲಾಗಿರುತ್ತದೆ. ಯಾರದು ಆಗಿಲ್ಲ? ಕಹಿ ಎಂದರೆ ಉಗುಳುವುದು ಮಕ್ಕಳ ಹುಟ್ಟುಗುಣ. ಹಾಗಲಕಾಯಿ ಗೊಜ್ಜಿಗೆ ಮುಖ ಕಿವುಚಿದ ಹುಡುಗನೇ ಮೂವತ್ತಕ್ಕೆ ಎರಡನೇ ಸಲ ಬಡಿಸಿಕೊಳ್ಳುತ್ತಾನೆ. ನಾನು ಚಳ್ಳಕೆರೆ ಕಡೆಯ ಬೆದ್ದಲು ಹೊಲದವರ ಮನೆಯಲ್ಲಿ ಹುಟ್ಟಿದವಳು. ನೆಲ್ಲಕ್ಕಿ ಅನ್ನ ನಮಗೆ ಹಬ್ಬಕ್ಕೆ ಮಾತ್ರ, ಉಳಿದ ದಿನ ಮುದ್ದೆ, ಇಲ್ಲವೇ ನವಣೆ ಅನ್ನ. ಅಜ್ಜಿ ನವಣೆ ಬಡಿಸಿದರೆ ತಟ್ಟೆ ದೂಡಿ ಅಳುತ್ತಿದ್ದೆ. ದಾವಣಗೆರೆ ಹತ್ತಿರದ ಚಿಕ್ಕಮ್ಮನ ಊರಿಗೆ ಭದ್ರಾ ನಾಲೆ ಬಂದಿತ್ತು, ಅವರಲ್ಲಿ ದಿನಾ ಅನ್ನ. ರಜೆಗೆ ಅಲ್ಲಿಗೆ ಹೋದವಳು ವಾಪಸ್ ಬರಲು ರಂಪ ಮಾಡುತ್ತಿದ್ದೆ. ಈಗ ನೋಡಿ, 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಎಂದು ಸಾರಿತು, ಅಜ್ಜಿಯ ನವಣೆ ಬಣ್ಣದ ಪ್ಯಾಕೆಟ್ಟಿನಲ್ಲಿ ಅಕ್ಕಿಗಿಂತ ದುಬಾರಿಯಾಗಿ ಕೂತಿದೆ, ನಾನು ಕೊಂಡು ತಂದು ಅಕ್ಕರೆಯಿಂದ ಬೇಯಿಸಿ ಉಣ್ಣುತ್ತೇನೆ. (ಮನೆಯ ಪಕ್ಕದಲ್ಲೇ ನವಣೆ, ಸಾಮೆ ಬೆಳೆಯುವಾಗ ನಿಮ್ಮ ಮಗನಿಗೆ ಓಟ್ಸ್ ಯಾಕೆ ಬೇಕಾಯಿತೋ, ಅದು ಬೇರೆ ಜಗಳ.)

ಅಷ್ಟೇಕೆ, ಊರಿಗೆ ಹೆಸರು ತಂದ ಬೆಣ್ಣೆ ದೋಸೆಯೇ ಬದಲಾದದ್ದು. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇದನ್ನು ಶುರು ಮಾಡಿದಳೆಂದು ಊರಿನ ಕತೆ. ಆಗ ಹುಯ್ಯುತ್ತಿದ್ದುದು ರಾಗಿ ಹಿಟ್ಟಿನ ದೋಸೆಯಂತೆ, ಅಕ್ಕಿಗೆ ಬದಲಾಯಿಸಿದವರು ಅವಳ ಮಕ್ಕಳಂತೆ. ಆ ತಾಯಿ ‘ನನ್ನ ರಾಗಿ ಬಿಟ್ಟರಲ್ಲ’ ಎಂದು ಅಂಕಣಕ್ಕೆ ಪತ್ರ ಬರೆದ ಹಾಗೆ ಕಾಣೆ.

ಬರೀ ಮಗನ ರುಚಿ ಬದಲಾಗಿದ್ದರೆ ನಿಮಗೆ ನಾಲ್ಕು ಸಮಾಧಾನದ ಮಾತು ಹೇಳಿ ಮುಗಿಸುತ್ತಿದ್ದೆ. ಅದಕ್ಕೆ ಈಗ ಸಮಯವಿಲ್ಲ. ನಾನು ಹೇಳುವುದು ಒಂದೇ ಕೆಲಸ: ಬರುವ ಸೋಮವಾರ ಬೆಳಿಗ್ಗೆ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಹೋಗಿ. ‘ಬೆಲ್ಲ ಸೀದದ್ದು ನನಗೆ ತಿಳಿಯಲಿಲ್ಲ’ ಎಂಬುದನ್ನು ಮೊದಲ ಮಾತಾಗಿ ಹೇಳಿ. ನುಂಗುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಯಜಮಾನರು ಜೊತೆಗೆ ಬರಲಿ, ಎರಡು ವರ್ಷದ ಬಿಸಿನೀರಿನ ಕತೆಯನ್ನು ಅವರ ಬಾಯಿಂದಲೇ ವೈದ್ಯರಿಗೆ ಹೇಳಿಸಿ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಯನ್ನು ದಿನಕ್ಕೆರಡು ಸಲ ತಿಂಗಳುಗಟ್ಟಲೆ ಮೂಸಿ ಮೂಗಿಗೆ ಮತ್ತೆ ಪಾಠ ಹೇಳಿಕೊಡುವ ಒಂದು ಕ್ರಮವೂ ಇದೆ. ಕೆಲವರಿಗೆ ಫಲ ಕೊಟ್ಟಿದೆ. ನಿಮಗೆ ಒಗ್ಗುತ್ತದೆಯೇ ಎಂದು ಅವರನ್ನು ಕೇಳಿ.

ಅಲ್ಲಿಯತನಕ ಉಪ್ಪು ನೋಡುವ ಕೆಲಸ ಮೇಷ್ಟ್ರದು, ಕೆಂಪು ಪೆನ್ನು ಹಿಡಿದೇ ನೋಡಲಿ. ಅಡುಗೆ ಮುಗಿದ ಕೂಡಲೇ ರೆಗ್ಯುಲೇಟರ್ ಆರಿಸುವುದೂ ಅವರದೇ. ಗ್ಯಾಸ್ ಸೋರಿದ ಅನುಮಾನ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಆ ಸಂಖ್ಯೆಯನ್ನು ಫ್ರಿಜ್ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಇಷ್ಟೆಲ್ಲ ಆದ ಮೇಲೂ ಸೊಸೆಯ ಮೇಲೆ ಸಿಟ್ಟು ಉಳಿದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಇಬ್ಬರೂ ಸೇರಿ ಬೈಯೋಣ. ಡಾಕ್ಟರ ಚೀಟಿ ನೋಡದೆ ಮಾತ್ರ ಆ ಪತ್ರ ನಾನು ಒಡೆಯುವುದಿಲ್ಲ.